ಹಾಡಿನ ಕೆಳಗಿನ ದನಿ

ಹೆರಿಯಣ್ಣನ ಮನೆಯಲ್ಲಿ ಹೆರಿಯಣ್ಣನ ದನಿಗೇನೂ ಬರವಿರಲಿಲ್ಲ. ಹಾಲಿನ ಪುಡಿಯ ದೊಡ್ಡ ಡಬ್ಬವೊಂದರ ತುಂಬ ಅದೇ ಇತ್ತು. ಬಹರೈನಿನಲ್ಲಿ ಹಡಗು ರಿಪೇರಿಯ ವೆಲ್ಡರ್ ಆಗಿದ್ದ ಕಾಲದಲ್ಲಿ ಅವನು ಕುಂದಾಪುರದ ಮನೆಗೆ ಮಾತು ತುಂಬಿ ಕಳಿಸುತ್ತಿದ್ದ ಕ್ಯಾಸೆಟ್ಟುಗಳು ಅವು. ಹೆಂಡತಿ ಗುಲಾಬಿ ತೀರಿಕೊಂಡ ಮೇಲೆ ಮಗಳು ಸುಗಂಧಿ ಡಬ್ಬವನ್ನು ಪೇಟೆಯ ಸ್ಟುಡಿಯೋಕ್ಕೆ ಒಯ್ದು, ಬೂಷ್ಟು ಹಿಡಿದ ಟೇಪುಗಳನ್ನು ಒರೆಸಿಸಿ, ಎಲ್ಲವನ್ನೂ ಕಂಪ್ಯೂಟರಿಗೆ ಇಳಿಸಿಕೊಂಡು ಬಂದಳು. ಅಪ್ಪ ಮಗಳು ಕೂತು ಒಂದಾದ ಮೇಲೊಂದು ಹಾಕಿ ನೋಡಿದರು. ಎಲ್ಲದರಲ್ಲೂ ಅದೇ ಗಂಡು ದನಿ, ಹೆಂಡತಿಯನ್ನು ಹೆಣೆ ಎಂದೇ ಕರೆಯುವ ಅದೇ ಯಜಮಾನಿಕೆ.

"ಹೆಣೆ, ನಾನ್ ಅರಾಮಿದ್ದೆ. ಬಾವಿಕಟ್ಟೆ ಕೆಲ್ಸ ಎಲ್ಲಿಗ್ ಬಂತ್? ಮಗೀಗೆ ಸರಿ ಶಾಲೆಗೆ ಕಳ್ಸ್. ನನ್ ಅಬ್ಬೆಗೆ ಔಷಧಿ ತಪ್ಸ್‌ಬೇಡ..."

"ಇದ್ರೊಳ್ಗೆ ಪೂರಾ ನೀವೇ ಇದ್ರಿ ಅಪ್ಪಯ್ಯ," ಎಂದಳು ಸುಗಂಧಿ. "ಅಮ್ಮ ಎಲ್ಲೂ ಇಲ್ಲ."

ಇರುವುದಾದರೂ ಹೇಗೆ? ಆಗ ಗಲ್ಫಿಗೆ ಫೋನು ಮಾಡುವುದೆಂದರೆ ಶ್ರೀಮಂತರ ಮಾತು. ಕಾಗದ ಬರೆಯಲು ಹೆರಿಯಣ್ಣನ ಕೈ ಓಡುತ್ತಿರಲಿಲ್ಲ. ರಜೆಗೆ ಊರಿಗೆ ಹೋಗುವವರ ಕೈಯಲ್ಲಿ ಕ್ಯಾಸೆಟ್ ಕೊಟ್ಟರೆ ಮನೆ ತಲುಪುತ್ತಿತ್ತು. ಮನೆಯವರು ಕೇಳಿ, ತಿರುಗಿಸಿ ಮೊದಲಿಗೆ ತಂದು, ಅದರ ಮೇಲೆಯೇ ಉತ್ತರ ತುಂಬಿ, ಮರಳಿ ಹೋಗುವವರ ಕೈಗೆ ಕೊಡುತ್ತಿದ್ದರು. ಕರಾವಳಿಯ ಎಷ್ಟೋ ಮನೆಗಳಲ್ಲಿ ನಡೆದದ್ದು ಹೀಗೆಯೇ. ಒಂದೇ ಕ್ಯಾಸೆಟ್ ಸಮುದ್ರ ದಾಟಿ ಹೋಗುತ್ತ ಬರುತ್ತ ಇತ್ತು, ಒಬ್ಬರ ಮಾತಿನ ಮೇಲೆ ಇನ್ನೊಬ್ಬರ ಮಾತು ಕೂರುತ್ತಿತ್ತು. ಕೊನೆಗೆ ಎಲ್ಲವೂ ಗುಲಾಬಿಯ ಬಳಿ ಉಳಿದವು. ಹಾಗಾಗಿ ಎಲ್ಲದರ ಮೇಲೂ ಅವನದೇ ದನಿ. ಅವಳ ದನಿಯನ್ನು ಅವನೇ ಅಳಿಸಿದ್ದ, ಕೆಂಪು ಗುಂಡಿ ಒತ್ತಿ, ವರ್ಷಗಟ್ಟಲೆ, ಪ್ರೀತಿಯಿಂದಲೇ.

ಈಗಿನ ಮೊಬೈಲಿನಲ್ಲಾದರೂ ಅವಳ ದನಿ ಇರಬೇಡವೇ ಎಂದರೆ, ಅದೂ ಇಲ್ಲ. ವೀಡಿಯೋ ಹಿಡಿದರೆ ಸೆರಗು ಅಡ್ಡ ಮಾಡಿಕೊಂಡು ಒಳಗೆ ಹೋಗುತ್ತಿದ್ದಳು. ಹೆರಿಯಣ್ಣ ಗಲ್ಫ್ ಬಿಟ್ಟು ಬಂದ ಮೇಲೆ ಕಂಡದ್ದು ಅಂಥ ಗುಲಾಬಿಯನ್ನೇ. ಊಟಕ್ಕೆ ಬನ್ನಿ, ಮಾತ್ರೆ ತಕಣಿ, ಕೊಡೆ ಮರೀಬೇಡಿ, ಇಷ್ಟೇ. ಅವಳಿಗೆ ಮೊದಲಿನಿಂದಲೂ ಮಾತು ಕಡಿಮೆ ಎಂದು ಅವನು ಎಲ್ಲರಿಗೂ ಹೇಳುತ್ತಿದ್ದ, ಸ್ವಲ್ಪ ಹೆಮ್ಮೆಯಿಂದಲೇ.

ಹೋಗಲಿ ಎಂದು ಬಿಡಬಹುದಿತ್ತು. ಆದರೆ ಅವನ ಕಿವಿ ಹೋಗುತ್ತಿತ್ತು. ವರ್ಷಾನುಗಟ್ಟಲೆ ಹಡಗಿನ ಹೊಟ್ಟೆಯೊಳಗೆ ಕೂತು ಕಬ್ಬಿಣ ಬಡಿಯುವ ಸದ್ದು ಕೇಳಿದ ಕಿವಿ. ಇನ್ನು ಮುಂದೆ ಯಂತ್ರ ಹಾಕಿಕೊಂಡರೂ ಮಾತು ಕೇಳೀತೇ ಹೊರತು ಯಾರ ದನಿ ಎಂಬ ಗುರುತು ಹತ್ತುವುದು ಕಷ್ಟ ಎಂದು ಡಾಕ್ಟರು ಹೇಳಿಬಿಟ್ಟಿದ್ದರು. ಅಂದಿನಿಂದ ಹೆರಿಯಣ್ಣನಿಗೆ ಒಂದೇ ಹಟ. ಕಿವಿ ಮುಚ್ಚುವ ಮೊದಲು ಗುಲಾಬಿಯನ್ನು ಒಮ್ಮೆ ಕೇಳಬೇಕು.

ಅದೇ ಹೊತ್ತಿಗೆ ಮಣಿಪಾಲದ ಲ್ಯಾಬೊಂದಕ್ಕೆ ಆ ಹೊಸ ಯಂತ್ರ ಬಂದಿತ್ತು. ಅದಕ್ಕೆ ಉದ್ದನೆಯ ಹೆಸರೊಂದಿದೆ, ಯಾರೂ ಹೇಳುವುದಿಲ್ಲ. ಜನ ಅದನ್ನು ಕೆರೆಯುವ ಮಿಷನ್ ಎನ್ನುತ್ತಾರೆ. ಟೇಪಿನ ಮೇಲೆ ಅಳಿಸಿದ್ದು ನಿಜಕ್ಕೂ ಅಳಿಸಿಹೋಗಿರುವುದಿಲ್ಲ ಎಂಬುದನ್ನು ಅದು ತೋರಿಸಿಕೊಟ್ಟಿತ್ತು.

ಟೇಪು ಎಂದರೆ ಪ್ಲಾಸ್ಟಿಕ್ ಪಟ್ಟಿಗೆ ಬಳಿದ ತುಕ್ಕಿನ ಪುಡಿ. ಅದರ ಒಂದೊಂದು ಕಣವೂ ಒಂದೊಂದು ಪುಟ್ಟ ಅಯಸ್ಕಾಂತ. ದನಿ ತುಂಬಿದಾಗ ಕಣಗಳು ಆ ದನಿಗೆ ತಕ್ಕಂತೆ ಹೊರಳಿ ನಿಲ್ಲುತ್ತವೆ. ಅದರ ಮೇಲೆ ಇನ್ನೊಂದು ದನಿ ತುಂಬಿದರೆ ಬಹುಪಾಲು ಕಣಗಳು ಹೊಸದರ ಕಡೆಗೆ ಹೊರಳುತ್ತವೆ, ಕೆಲವು ಹಟಮಾರಿಗಳು ಹೊರಳುವುದಿಲ್ಲ. ಕೆರೆಯುವ ಮಿಷನ್ ಟೇಪನ್ನು ಮುಟ್ಟದೆ ಒಂದೊಂದು ಕಣ ಯಾವ ದಿಕ್ಕಿಗೆ ನಿಂತಿದೆ ಎಂದು ಓದುತ್ತದೆ. ಮೇಲಿನ ದನಿಯನ್ನು ಓದಿ ಕಂಪ್ಯೂಟರಿಗೆ ಇಳಿಸಿಕೊಂಡು, ಹದವಾಗಿ ಬಿಸಿ ಕೊಟ್ಟು ಅದನ್ನು ಟೇಪಿನಿಂದ ಬಿಡಿಸುತ್ತದೆ. ಆಮೇಲೆ ಅದರ ಕೆಳಗಿನದನ್ನು ಓದುತ್ತದೆ. ವರ್ಷ ವರ್ಷ ಬಳಿದ ಸುಣ್ಣವನ್ನು ಗೋಡೆಯಿಂದ ಒಂದೊಂದೇ ಪದರವಾಗಿ ಕೆರೆದ ಹಾಗೆ. ವಿಚಿತ್ರವೆಂದರೆ ಎಲ್ಲಕ್ಕಿಂತ ಹಳೆಯದೇ ಎಲ್ಲಕ್ಕಿಂತ ಗಟ್ಟಿಯಾಗಿ ಕೂತಿರುತ್ತದೆ.

ಯಂತ್ರವೇನೋ ಬಂತು, ಜನರಿಗೆ ನೆಮ್ಮದಿ ಬರಲಿಲ್ಲ. ಉಡುಪಿಯ ಒಂದು ಮನೆಯಲ್ಲಿ ಭಜನೆಯ ಕೆಳಗೆ ಅತ್ತೆ ಸೊಸೆಯನ್ನು ಬೈದದ್ದು ಸಿಕ್ಕಿ, ತೀರಿಹೋದ ಅತ್ತೆಯ ಜೊತೆ ಸೊಸೆ ಹೊಸದಾಗಿ ಮಾತು ಬಿಟ್ಟಳು. ಮದುವೆಯ ವೀಡಿಯೋದ ಕೆಳಗೆ ಮುರಿದುಬಿದ್ದ ಇನ್ನೊಂದು ನಿಶ್ಚಿತಾರ್ಥ ಸಿಕ್ಕಿತು. ಕೆಲವರು ಅಟ್ಟದ ಮೇಲಿನ ಕ್ಯಾಸೆಟ್ಟುಗಳನ್ನೆಲ್ಲ ರಾಶಿ ಹಾಕಿ ಸುಟ್ಟರು. ಇನ್ನು ಕೆಲವರು ಇವತ್ತಿಗೂ ಲ್ಯಾಬಿನ ಬಾಗಿಲವರೆಗೆ ಬಂದು, ಚೀಲ ಎದೆಗವಚಿಕೊಂಡು ನಿಂತು, ವಾಪಸು ಹೋಗುತ್ತಾರೆ. ಇದೆಲ್ಲ ಕಂಡು ಲ್ಯಾಬಿನವರು ಒಂದು ನಿಯಮ ಮಾಡಿದರು. ಕೆಳಗಿನ ಪದರದಲ್ಲಿ ಮನುಷ್ಯರ ದನಿ ಇದೆಯೋ ಇಲ್ಲವೋ ಎಂದಷ್ಟೇ ಅವರು ನೋಡುವುದು. ಪೂರ್ತಿ ಕೇಳುವುದು ತಂದವರು ಮಾತ್ರ, ಗಾಜಿನ ಕೋಣೆಯಲ್ಲಿ ಕೂತು.

ಒಂದು ಮನೆಯಿಂದ ಒಂದೇ ಕ್ಯಾಸೆಟ್ ತೆಗೆದುಕೊಳ್ಳುತ್ತಿದ್ದರು, ಸರದಿ ಅಷ್ಟಿತ್ತು. ಯಾವುದನ್ನು ಒಯ್ಯಬೇಕೆಂದು ಹೆರಿಯಣ್ಣ ತಲೆ ಕೆಡಿಸಿಕೊಳ್ಳಲಿಲ್ಲ. ಗುಲಾಬಿಯ ಟ್ರಂಕಿನ ತಳದಲ್ಲಿ, ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿಟ್ಟ ಕ್ಯಾಸೆಟ್ ಒಂದು ಬೇರೆಯೇ ಸಿಕ್ಕಿತ್ತು. ಅದನ್ನು ಮಾತ್ರ ಅವಳು ಡಬ್ಬಕ್ಕೆ ಹಾಕಿರಲಿಲ್ಲ. ಅದರ ಮೊದಲನೇ ಬದಿಯಲ್ಲಿ ಹೆರಿಯಣ್ಣನ ಉಪದೇಶ, ಎರಡನೇ ಬದಿಯಲ್ಲಿ ಅವನು ರೇಡಿಯೋದಿಂದ ಹಿಡಿದು ತುಂಬಿದ್ದ ಸಿನಿಮಾ ಹಾಡುಗಳು.

"ಆ ಹಾಡಂದ್ರೆ ಅವ್ಳಿಗೆ ಪ್ರಾಣ ಆಯಿತ್ತ್ ಕಾಂತ್," ಎಂದ ಹೆರಿಯಣ್ಣ.

ಲ್ಯಾಬಿನಲ್ಲಿ ಯಂತ್ರ ನಡೆಸುವವಳು ಸಂಹಿತಾ, ಮೈಸೂರು ಕಡೆಯವಳು. ಕ್ಯಾಸೆಟ್ಟಿನ ತಿರುಪು ಬಿಚ್ಚಿ, ಒಣಗಿ ಉದುರಿದ್ದ ಸ್ಪಂಜಿನ ಜಾಗಕ್ಕೆ ಹೊಸದು ಅಂಟಿಸುತ್ತ ಹೇಳಿದಳು, "ಅಜ್ಜಾ, ಒಂದು ಮಾತು ಮೊದಲೇ ಹೇಳಿಬಿಡ್ತೀನಿ. ಒಂದೊಂದು ಪದರ ತೆಗೆದ ಹಾಗೆಲ್ಲ ಅದು ಟೇಪಿನ ಮೇಲೆ ಇರಲ್ಲ, ಕಂಪ್ಯೂಟರಿನಲ್ಲಿ ಮಾತ್ರ ಇರುತ್ತೆ. ಎಲ್ಲ ಮುಗಿದ ಮೇಲೆ ನಿಮ್ಮ ಕೈಗೆ ಬರೋದು ಖಾಲಿ ಕ್ಯಾಸೆಟ್."

"ಹೋಯ್ಲಿ ಬಿಡಿ ಅಮ್ಮ. ಮೇಲಿಪ್ಪುದ್ ನಾನೇ ಅಲ್ದಾ? ನಾನ್ ಹೋದ್ರೆ ಯಾರಿಗೆಂತ ನಷ್ಟ?"

ಅವಳು ನಕ್ಕಳು. "ಎರಡನೇ ಬದಿ?"

"ಅದ್ರೊಳ್ಗೆ ಬರೀ ಹಾಡ್. ಅದ್ ಬೇಡ."

"ಟೇಪು ಹಾಕಿದ್ರೆ ಯಂತ್ರ ಎರಡೂ ಬದಿನ ಓದುತ್ತೆ ಅಜ್ಜಾ, ಒಂದಾದ ಮೇಲೊಂದು. ಇರಲಿ, ನೋಡೋಣ."

ಕಾಯುವ ದಿನಗಳಲ್ಲಿ ಹೆರಿಯಣ್ಣನಿಗೆ ಬಹರೈನಿನ ಮನಾಮದಲ್ಲಿ ತಾನಿದ್ದ ಕೋಣೆ ಮತ್ತೆ ಮತ್ತೆ ನೆನಪಾಯಿತು. ಮಂಚದ ಮೇಲೆ ಮಂಚ, ಕುಂದಾಪುರ, ಗಂಗೊಳ್ಳಿ, ಬೈಂದೂರಿನ ಗಂಡಸರು, ಎಲ್ಲರಿಗೂ ಸೇರಿ ಒಂದೇ ಟೇಪ್‌ರೆಕಾರ್ಡರ್. ಶುಕ್ರವಾರ ರಜೆ. ಯಾರ ಮನೆಯ ಕ್ಯಾಸೆಟ್ ಬಂದರೂ ಎಲ್ಲರೂ ಸುತ್ತ ಕೂತು ಕೇಳುವುದು. ಒಬ್ಬನ ತಾಯಿ ಅತ್ತರೆ ಎಲ್ಲರ ಕಣ್ಣಲ್ಲೂ ನೀರು, ಒಬ್ಬನ ಮಗು ಪದ್ಯ ಹೇಳಿದರೆ ಎಲ್ಲರದೂ ಚಪ್ಪಾಳೆ. ಅಲ್ಲಿ ಗುಟ್ಟು ಎಂಬುದಿರಲಿಲ್ಲ. ಊರಿನ ಹೆಂಗಸರಿಗೂ ಇದು ಗೊತ್ತಿತ್ತು. ಹಾಗಾಗಿ ಅವರು ಎಲ್ಲರಿಗೂ ಕೇಳುವಂಥದ್ದನ್ನೇ ಮಾತಾಡುತ್ತಿದ್ದರು.

ಮೊದಲನೇ ಬದಿ ಸಿದ್ಧವಾಯಿತೆಂದು ಕರೆ ಬಂದಾಗ ಅಪ್ಪ ಮಗಳು ಇಬ್ಬರೂ ಹೋದರು. ಗಾಜಿನ ಕೋಣೆಯಲ್ಲಿ ಸಂಹಿತಾ ದೊಡ್ಡ ಹೆಡ್‌ಫೋನನ್ನು ಅವನ ಕಿವಿಗೆ ಒತ್ತಿ ಕೂರಿಸಿ, ಸುಗಂಧಿಗೆ ಇನ್ನೊಂದು ಕೊಟ್ಟು, ಬಾಗಿಲು ಎಳೆದುಕೊಂಡು ಹೋದಳು. ಮೊದಲು ಮಳೆ ಬಿದ್ದಂಥ ಸದ್ದು. ಅದರ ಹಿಂದಿನಿಂದ, ಪಕ್ಕದ ಮನೆಯಿಂದ ಕೇಳುವ ಹಾಗೆ, ಒಂದು ಹೆಣ್ಣುದನಿ.

"ಹ್ವಾಯ್, ಕೇಂತಾ? ಅಲ್ ಕೂಕಂಡ್ ಕೇಂಬು ಅಣ್ಣಂದಿರಿಗೆಲ್ಲ ನನ್ ನಮಸ್ಕಾರ. ಬಾಬಣ್ಣ, ನಿಮ್ ಹೆಂಡ್ತಿ ಮೊನ್ನೆ ಸಂತೆಲಿ ಸಿಕ್ಕಿರ್, ಬಳೆ ತಕಂಬುಕೆ ಬಂದಿರ್, ಎಷ್ಟ್ ತಕಂಡ್ರ್ ಅಂದೇಳಿ ನಾನ್ ಹೇಳುದಿಲ್ಲೆ. ಸುಗಂಧಿದ್ ಮುಂದಿನ ಹಲ್ಲ್ ಬಿತ್ತ್. ಬಿದ್ದದ್ದ್ ಎಲ್ಲಿ ಅಂದ್ರೆ ನುಂಗದೆ ಅಂತ್..."

ಗುಲಾಬಿ ಮಾತಾಡುತ್ತಿದ್ದಳು. ಬಂಗಡೆ ಮೀನಿನ ರೇಟು, ಅತ್ತೆಯ ಎಲೆ ಅಡಿಕೆಯ ಜಗಳ, ಬಾವಿಯೊಳಗೆ ಬಿದ್ದ ಕೊಡಪಾನ, ಮೇಷ್ಟ್ರು ಸೈಕಲಿನಿಂದ ಬಿದ್ದದ್ದು. ಒಂದರ ಬಾಲ ಹಿಡಿದು ಇನ್ನೊಂದು. ನಡುವೆ ತನ್ನ ಮಾತಿಗೆ ತಾನೇ ನಗುತ್ತಿದ್ದಳು, ಉಸಿರು ತೆಗೆದುಕೊಳ್ಳಲೂ ಪುರುಸೊತ್ತಿಲ್ಲ. ಸುಗಂಧಿ ಅಳುತ್ತ ನಗುತ್ತಿದ್ದಳು. ಹೆರಿಯಣ್ಣ ಮಾತ್ರ ಗಾಬರಿಯಾಗಿ ಕೂತಿದ್ದ. ಇಷ್ಟು ಮಾತಿನ ಹೆಂಗಸು ಯಾರು? ತನ್ನ ಮನೆಯಲ್ಲಿ ಇಷ್ಟು ವರ್ಷ ಸುಮ್ಮನೆ ಅನ್ನ ಬಡಿಸಿದವಳು ಇವಳೇ ಹೌದೇ?

ಕೊನೆಯಲ್ಲಿ ಗುಲಾಬಿ ಹೇಳಿದಳು, "ಇಲ್ಲಿಗೆ ಈ ಬದಿ ಮುಗೀತ್. ಆ ಬದಿ ಖಾಲಿ ಇತ್ತ್. ನೀವೇ ತುಂಬ್ಸಿ ಕಳ್ಸಿ." ಒಂದು ಸಣ್ಣ ನಗು, ಅಲ್ಲಿಗೆ ಟಕ್ ಎಂದಿತು.

"ಹೌದ್," ಎಂದ ಹೆರಿಯಣ್ಣ ಖುಷಿಯಿಂದ. "ಪ್ರತೀ ಸಲ ಅದನ್ನೇ ಹೇಳ್ತಿದ್ಲ್. ಅದಕ್ಕೇ ನಾನ್ ಹಾಡ್ ತುಂಬ್ಸ್ತಿದ್ದೆ."

ಅಂದು ಮನೆಯಲ್ಲಿ ಹಬ್ಬದ ಹಾಗಿತ್ತು. ಸುಗಂಧಿ ಬಂಗಡೆ ಹುರಿದಳು. ಅಳಿಯ, ಮೊಮ್ಮಗಳು ಎಲ್ಲರೂ ಗುಲಾಬಿಯನ್ನು ಮತ್ತೆ ಮತ್ತೆ ಕೇಳಿದರು. ನುಂಗಿದ ಹಲ್ಲಿನ ಸುದ್ದಿಗೆ ಮೊಮ್ಮಗಳು ಉರುಳಾಡಿ ನಕ್ಕಳು. "ಅಜ್ಜಿ ಇಷ್ಟ್ ಮಾತಾಡ್ತಿದ್ರಾ? ಮತ್ತೆ ಯಾಕೆ ನಿಲ್ಸಿದ್ರ್?" ಎಂದು ಕೇಳಿದಳು. ಪ್ರಾಯ ಆದ ಹಾಗೆ ಹಾಗೇ, ಎಂದು ಹೆರಿಯಣ್ಣ ಮನಸ್ಸಿನಲ್ಲೇ ಅಂದುಕೊಂಡ.

ಕೆಲವು ದಿನ ಬಿಟ್ಟು ಸಂಹಿತಾ ಫೋನು ಮಾಡಿದಳು. ದನಿ ಸಣ್ಣದಾಗಿತ್ತು.

"ಅಜ್ಜಾ, ಎರಡನೇ ಬದಿನಲ್ಲಿ ಹಾಡಿನ ಕೆಳಗೆ ಮಾತಿದೆ. ಅಜ್ಜಿಯದೇ. ಮೂರು ಪದರದಲ್ಲಿದೆ. ನಾನು ಒಂದೊಂದು ಸಾಲು ಕೇಳಿ ನಿಲ್ಲಿಸಿದ್ದೀನಿ. ನೀವು ಬಂದು ಕೇಳಿ. ಒಬ್ಬರೇ ಕೇಳಿದ್ರೆ ಒಳ್ಳೇದು ಅನ್ನಿಸ್ತು."

ಹೆರಿಯಣ್ಣನಿಗೆ ಅರ್ಥವಾಗಲಿಲ್ಲ. ಖಾಲಿ ಬದಿಯಲ್ಲಿ ಮಾತು ಎಲ್ಲಿಂದ ಬಂತು? ಮಗಳ ಕಾರಿನಲ್ಲೇ ಹೋದ, ಆದರೆ ಅವಳನ್ನು ಹೊರಗಿನ ಬೆಂಚಿನ ಮೇಲೆ ಕೂರಿಸಿ ತಾನೊಬ್ಬನೇ ಒಳಗೆ ನಡೆದ.

ಮೇಲಿನದು, ಎಂದರೆ ಕೊನೆಯದು, ಮೊದಲು ಬಂತು. ದನಿ ಅವನಿಗೆ ಪರಿಚಿತವಾದದ್ದೇ, ಅವನು ಮನೆಗೆ ಬಂದ ಮೇಲೆ ಕೇಳಿದ ತಣ್ಣಗಿನ ದನಿ.

"ಹಾಡ್ ಬಂತ್. ಲಾಯ್ಕಿತ್ತ್. ಇನ್ನ್ ಮೇಲೆ ಈ ಬದಿಲಿ ನಾನ್ ಮಾತಾಡುದಿಲ್ಲೆ. ನೀವ್ ಹಾಡೇ ಹಾಕಿ. ಮಗೀಗೂ ಖುಷಿ ಆತ್ತ್."

ಅಷ್ಟೇ. ಹೆರಿಯಣ್ಣ ಗಾಜಿನಾಚೆ ನೋಡಿದ. ಸಂಹಿತಾ ಬೆನ್ನು ತಿರುಗಿಸಿ ಏನೋ ಒರೆಸುತ್ತಿದ್ದಳು. ಅವನು ಮುಂದಿನ ಪದರದ ಗುಂಡಿ ಒತ್ತಿದ. ಮೊದಲು ಹಾಡು, ಅವನೇ ತುಂಬಿದ ಹಾಡು, ಎಲ್ಲೋ ದೂರದಲ್ಲಿ ಕುಣಿಯುತ್ತ ಹೋಯಿತು. ಅದರಡಿಯಿಂದ ಗುಲಾಬಿ.

"ನಾನ್ ಹೇಳದ್ದ್ ಕೇಂಡ್ ನಿಮ್ಗೆ ಸಿಟ್ಟ್ ಬಂತ್ ಕಾಂತ್. ಅದಕ್ಕೇ ಕರೀಲಿಲ್ಲ ಕಾಂತ್. ನಾನ್ ದುಡ್ಡ್ ಕೇಂಡಿನಾ? ಕೆಲ್ಸ ಬಿಟ್ಟ್ ಬನ್ನಿ ಅಂದಿನಾ? ಬರೀ ಹಾಡ್ ಬಂತ್. ನಾನ್ ಸುರುವಿಂದ ಕಡಿವರಿಗೂ ಕೇಂಡೆ, ಮಧ್ಯದಲ್ಲಾದ್ರೂ ಇತ್ತಾ ಅಂದೇಳಿ. ಎರಡ್ ಸಲ ಕೇಂಡೆ. ಆಯ್ತ್. ಆ ವಿಷ್ಯ ಇನ್ನ್ ಎತ್ತುದಿಲ್ಲೆ. ನೀವ್ ಹೊತ್ತಿಗೆ ಸರಿ ಉಣ್ಣಿ."

ಯಾವ ವಿಷಯ? ಯಾರನ್ನು ಕರೆಯಲಿಲ್ಲ? ಇನ್ನು ಉಳಿದದ್ದು ತಳದ ಪದರ ಒಂದೇ. ಎದ್ದು ಹೋಗಿಬಿಡೋಣ ಎನಿಸಿತು. ಬಾಗಿಲವರೆಗೆ ಬಂದು ವಾಪಸು ಹೋಗುವವರ ಬಗ್ಗೆ ತಾನೇ ನಕ್ಕದ್ದು ನೆನಪಾಯಿತು. ಗುಂಡಿ ಒತ್ತಿದ.

ಎಲ್ಲಕ್ಕಿಂತ ಹಳೆಯದೇ ಎಲ್ಲಕ್ಕಿಂತ ಸ್ಪಷ್ಟವಾಗಿತ್ತು.

"ಹ್ವಾಯ್, ಈಗ ನೀವ್ ಒಬ್ರೇ ಇದ್ರಿ ಅಲ್ದಾ? ಬೇರೆ ಯಾರಾರೂ ಇದ್ರೆ ಬಂದ್ ಮಾಡಿ. ಹೊರಡತಿಗೆ ಹೇಳದ್ದ್ ನೆನಪಿತ್ತಲ್ದಾ? ಆ ಬದಿ ಖಾಲಿ ಇತ್ತ್ ಅಂದೇಳಿ ನಾನ್ ಹೇಳದ್ರೆ, ನೀವ್ ಒಬ್ರೇ ಇಪ್ಪತಿಗೆ ಹಾಕ್ಕಂಡ್ ಕೇಣಿ ಅಂದೇಳಿ..."

ಆಮೇಲೆ ಬಾಗಿಲಿಗೆ ಚಿಲಕ ಹಾಕಿದ ಸದ್ದು.

"ನಿಮ್ಗೆ ಮಾತ್ರ ಹೇಳುದ್. ನೀವ್ ಹೋದ್ ಮೇಲೆ ಗೊತ್ತಾಯ್ತ್, ನಂಗೆ ಮತ್ತೆ ದಿನ ಹೋಯಿತ್ತ್, ಬಸ್ರಿ ಅಂದೇಳಿ. ನಿಮ್ಗೆ ಹೇಳ್ಕ್ ಅಂದೇಳಿ ಕ್ಯಾಸೆಟ್ ತಕಂಡ್ ಹೋಪರಿಗೆ ಕಾಯ್ತಿದ್ದೆ. ಅಷ್ಟರೊಳ್ಗೆ... ನಿಲ್ಲಲಿಲ್ಲ. ಅತ್ತೆಗೆ ಹೊಟ್ಟೆನೋವ್ ಅಂದೆ. ಬಾವಿಂದ ನೀರ್ ಸೇದದ್ದಕ್ಕಾ ಎಂತದಾ. ನನ್ ತಪ್ಪಾ ಅಂದೇಳಿ ಕೇಂಬುಕೂ ಯಾರಿಲ್ಲೆ. ನೀವ್ ಸಮಾಧಾನ ಎಲ್ಲ ಹೇಳುದ್ ಬೇಡ, ಅದ್ ನಿಮ್ಗೆ ಬತ್ತೂ ಇಲ್ಲೆ." ಇಲ್ಲಿ ಅವಳು ನಕ್ಕಳು, ಅದೇ ಹಳೆಯ ನಗು, ನಡುವೆ ಮುರಿಯಿತು. "ಒಂದ್ ಕೆಲ್ಸ ಮಾಡಿ. ಈ ಬದಿಲಿ ಹಾಡ್ ಹಾಕುಕೆ ಮುಂಚೆ ಒಂದೇ ಸಲ ನನ್ ಹೆಸ್ರ್ ಹಿಡ್ದ್ ಕರೀರಿ. ಹೆಣೆ ಅಂದೇಳಿ ಅಲ್ಲ. ಗುಲಾಬಿ ಅಂದೇಳಿ. ನೀವ್ ಕೇಂಡದ್ದ್ ಹೌದ್ ಅಂದೇಳಿ ನಂಗೆ ಗೊತ್ತಾತ್ತ್. ಅಷ್ಟೇ ಸಾಕ್."

ಹೆರಿಯಣ್ಣ ಹೆಡ್‌ಫೋನ್ ತೆಗೆಯಲಿಲ್ಲ. ಪದರ ಮುಗಿದು ಸುಮ್ಮನೆ ಸುಯ್ ಎನ್ನುತ್ತಿದ್ದುದನ್ನೇ ಕೇಳುತ್ತ ಕೂತ. ಹೊರಟ ದಿನ ಕಣ್ಣೆದುರು ಬಂದು ನಿಂತಿತ್ತು. ಅವನು ಪೆಟ್ಟಿಗೆಗೆ ಹಗ್ಗ ಬಿಗಿಯುತ್ತಿದ್ದ. ಟ್ಯಾಕ್ಸಿ ಹಾರ್ನು ಹೊಡೆಯುತ್ತಿತ್ತು. ಗುಲಾಬಿ ಪಕ್ಕ ಕೂತು ಹಗ್ಗದ ತುದಿ ಹಿಡಿದುಕೊಂಡು ಮೆಲ್ಲಗೆ ಏನೋ ಹೇಳುತ್ತಿದ್ದಳು. ಖಾಲಿ, ಒಬ್ಬರೇ, ಗೊತ್ತಾಯ್ತಾ, ಎಂದೆಲ್ಲ. ಅವನು ಹ್ಞೂಂ ಎಂದಿದ್ದ. ಹ್ಞೂಂ ಹ್ಞೂಂ, ಗಂಟು ಬಿಗಿ ಹಿಡಿ, ಎಂದಿದ್ದ. ಏನು ಹೇಳಿದೆ ಎಂದು ತಿರುಗಿ ಒಂದು ಮಾತು ಕೇಳಿರಲಿಲ್ಲ.

ಖಾಲಿ ಇದೆ ಎಂದದ್ದನ್ನು ಖಾಲಿಯೇ ಎಂದು ನಂಬಿ, ಅವಳಿಗೆ ಖುಷಿಯಾಗಲೆಂದು, ರಾತ್ರಿಪಾಳಿ ಮುಗಿಸಿ ಬಂದು ನಿದ್ದೆಗೆಟ್ಟು ರೇಡಿಯೋದ ಮುಂದೆ ಕೂತು ಒಂದೊಂದೇ ಹಾಡು ಹಿಡಿದು ತುಂಬಿದ್ದ. ಆ ಹಾಡುಗಳೇ ಅವಳಿಗೆ ಹೋದ ಉತ್ತರ. ಅದರ ಮೇಲೆ ಅವಳಾದರೂ ಇನ್ನೇನು ಮಾತಾಡಬೇಕಿತ್ತು? ಅವಳಿಗೆ ಮಾತು ಕಡಿಮೆ ಎಂದು ಊರಿಗೆಲ್ಲ ಹೇಳಿಕೊಂಡು ತಿರುಗಿದ್ದನ್ನು ನೆನೆದು ಹೆರಿಯಣ್ಣನಿಗೆ ತನ್ನ ಮೇಲೆಯೇ ಹೇಸಿಗೆ ಹುಟ್ಟಿತು. ಅವನು ಗಲ್ಫಿನಿಂದ ಬಂದ ಮೇಲೆ ಅದೆಷ್ಟೋ ವರ್ಷ ಒಂದೇ ಸೂರಿನಡಿ ಇದ್ದರು. ಒಂದು ದಿನವಾದರೂ ಕೇಳಬಹುದಿತ್ತು. ಅವಳೂ ಒಂದು ದಿನ ಹೇಳಬಹುದಿತ್ತು. ಆ ವಿಷಯ ಇನ್ನು ಎತ್ತುವುದಿಲ್ಲ ಎಂದಿದ್ದಳು, ಎತ್ತಲಿಲ್ಲ.

ಸ್ವಲ್ಪ ಹೊತ್ತಾದ ಮೇಲೆ ಸಂಹಿತಾ ಬಾಗಿಲು ತೆರೆದು ಚಹಾ ತಂದಿಟ್ಟಳು.

"ಅಮ್ಮ," ಎಂದ ಹೆರಿಯಣ್ಣ, "ಈ ಮಿಷನಿಗೆ ಅಡಿಲಿಪ್ಪುದ್ ಮೇಲೆ ಎತ್ತುಕೆ ಬತ್ತ್. ಮೇಲಿಂದ್ ಅಡಿಗೆ ಕಳ್ಸುಕೆ ಬತ್ತಿಲ್ಯಾ?"

"ಇಲ್ಲ ಅಜ್ಜಾ."

"ಹ್ಞೂಂ," ಎಂದವನು, ತಾನೇ ಅಂದ ಆ ಸದ್ದಿಗೆ ಬೆಚ್ಚಿ ಬಾಯಿ ಮುಚ್ಚಿಕೊಂಡ.

ಸುಗಂಧಿ ಕಾರು ತಿರುಗಿಸಿ ಊರಿನ ದಾರಿ ಹಿಡಿದಳು. ಸೇತುವೆ ದಾಟುವಾಗ ಅವನೇ ಹೇಳಿದ. "ನಿನ್ ಮೇಲೆ ಇನ್ನೊಂದ್ ಹೊಟ್ಟೆಲಿ ಇತ್ತಂಬ್ರು ಮಗಾ. ನಿಲ್ಲಲಿಲ್ಲ. ಅಮ್ಮ ನಂಗ್ ಹೇಳಿದ್ಲ್. ನಾನ್ ಕೇಣ್ಲಿಲ್ಲ." ಸುಗಂಧಿ ಕಾರನ್ನು ಬದಿಗೆ ನಿಲ್ಲಿಸಿದಳು. ಆಮೇಲೆ ಅವಳು ಕಣ್ಣೊರೆಸಿಕೊಂಡು ಗಾಡಿ ತೆಗೆದಳು.

ಮನೆಯಲ್ಲಿ ಹೆರಿಯಣ್ಣ ಅಟ್ಟದಿಂದ ಹಳೆಯ ಟೇಪ್‌ರೆಕಾರ್ಡರ್ ಇಳಿಸಿಕೊಡಲು ಅಳಿಯನಿಗೆ ಹೇಳಿದ. ಅದು ನಡೆಯುವುದೋ ಇಲ್ಲವೋ ಎಂಬ ಅನುಮಾನ ಎಲ್ಲರಿಗೂ ಇತ್ತು. ಬೆಲ್ಟು ಸಡಿಲಾಗಿತ್ತು, ಅಳಿಯ ಅದನ್ನು ಸರಿ ಮಾಡಿದ, ಚಕ್ರ ತಿರುಗಿತು. ಲ್ಯಾಬಿನಿಂದ ತಂದ ಕ್ಯಾಸೆಟ್ಟನ್ನು ಹೆರಿಯಣ್ಣ ಎರಡನೇ ಬದಿ ಮೇಲಾಗುವಂತೆ ಇಟ್ಟು ಮುಚ್ಚಿದ. ಈಗ ಆ ಬದಿ ನಿಜಕ್ಕೂ ಖಾಲಿ ಇತ್ತು. ಅಳಿಸಲು ಅಲ್ಲೇನೂ ಉಳಿದಿರಲಿಲ್ಲ.

ಎಲ್ಲರನ್ನೂ ಹೊರಗೆ ಕಳಿಸಿ ಬಾಗಿಲು ಹಾಕಿಕೊಂಡ. ಕೆಂಪು ಗುಂಡಿ ಒತ್ತಿದ. ಇಡೀ ಸಂಸಾರದಲ್ಲಿ ಒಮ್ಮೆಯೂ ಆ ಹೆಸರನ್ನು ಅವನು ಬಾಯಿಬಿಟ್ಟು ಕರೆದಿರಲಿಲ್ಲ. ಆ ಕಾಲದಲ್ಲಿ ಯಾವ ಗಂಡಸೂ ಕರೆಯುತ್ತಿರಲಿಲ್ಲ. ನಾಲಿಗೆ ಹೊರಳಲಿಲ್ಲ. ಟೇಪು ತಿರುಗುತ್ತಲೇ ಇತ್ತು.

"ಗುಲಾಬೀ," ಎಂದ.

ತನ್ನ ಕಿವಿಗೇ ಸರಿಯಾಗಿ ಕೇಳಲಿಲ್ಲವೆಂದು ಇನ್ನೊಮ್ಮೆ, ಗಟ್ಟಿಯಾಗಿ ಕೂಗಿದ. ಹೊರಗೆ ಜಗಲಿಯಲ್ಲಿ ಕೂತಿದ್ದ ಸುಗಂಧಿ ಬೆಚ್ಚಿ ಎದ್ದು ನಿಂತಳು. ಒಳಗೆ ಹೆರಿಯಣ್ಣ ಟೇಪು ತಿರುಗಲು ಬಿಟ್ಟ. ಬದಿ ಮುಗಿದು ಗುಂಡಿ ತಾನಾಗಿ ಮೇಲೇಳುವವರೆಗೂ ಅದರ ಮುಂದೆ ಕೂತಿದ್ದ. ಹಾಡು ಹಾಕಲಿಲ್ಲ.